ಬಿಲ್ಲಿನಲ್ಲಿ ಇಲ್ಲದ ಸಾಲು

ಬೆಂಗಳೂರಿನ ಯಶವಂತಪುರದಿಂದ ಯಲಹಂಕದವರೆಗೆ ಗ್ಯಾರೇಜುಗಳ ಬಿಲ್ಲು ಬಹುಪಾಲು ಒಂದೇ ಥರ ಇರುತ್ತದೆ. ಹಬ್ ಬೇರಿಂಗಿಗೆ ಇಷ್ಟು, ಗೇರ್ ಆಯಿಲ್‌ಗೆ ಇಷ್ಟು, ಬಿಚ್ಚಿ ಜೋಡಿಸಿದ ಲೇಬರ್ ಇಷ್ಟು, ಮೇಲೊಂದು ಜಿಎಸ್‌ಟಿ. ಸ್ಕ್ಯಾನರ್ ಹಾಕಿದ್ದರೆ ಅದಕ್ಕೂ ಒಂದು ಸಾಲು. ಗಾಡಿಯನ್ನು ರಸ್ತೆಗೆ ಒಯ್ದು, ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ಕಿವಿಗೊಟ್ಟು ಕೇಳಿದ ಹೊತ್ತಿಗೆ ಮಾತ್ರ ಸಾಲೂ ಇಲ್ಲ, ದರವೂ ಇಲ್ಲ. ಪತ್ತೆ ಹಚ್ಚುವುದು ಪುಕ್ಕಟೆ, ಬದಲಾಯಿಸಿದರಷ್ಟೇ ಕಾಸು. ಹೀಗಿರುವಾಗ ಮೆಕ್ಯಾನಿಕ್ ಏನು ಮಾಡಿಯಾನು? ಬದಲಾಯಿಸುತ್ತಾನೆ.

ಈ ಪದ್ಧತಿಗೆ ಎಲ್ಲರಿಗಿಂತ ಹೆಚ್ಚು ದಂಡ ತೆರುತ್ತಿರುವವರು ಹಳೆಯ ಆಲ್ ವೀಲ್ ಡ್ರೈವ್ ಕಾರಿನ ಮಾಲೀಕರು. 2000ರ ದಶಕದ ಹೋಂಡಾ ಸಿಆರ್-ವಿ, ಷೆವರ್ಲೆ ಹೆಸರು ಹೊತ್ತು ಇಲ್ಲಿಗೆ ಬಂದ ಸುಬಾರು ಫಾರೆಸ್ಟರ್, ಮಿತ್ಸುಬಿಷಿ ಔಟ್‌ಲ್ಯಾಂಡರ್, 2014ರಲ್ಲಿ ಬಂದ ರೆನೋ ಡಸ್ಟರ್ ಎಡಬ್ಲ್ಯುಡಿ, ಇವೆಲ್ಲ ಮಾರಾಟವಾದದ್ದೇ ಕಡಿಮೆ. ದಿನವಿಡೀ ಸ್ವಿಫ್ಟ್, ಐ10 ಬಿಚ್ಚುವ ಕೈಗೆ ಇವು ಅಪರೂಪದ ಗಿರಾಕಿ. ಷೆವರ್ಲೆ ಕಂಪನಿಯಂತೂ 2017ರ ಕೊನೆಗೆ ಭಾರತದ ಮಾರಾಟವನ್ನೇ ನಿಲ್ಲಿಸಿತು. ಫಾರೆಸ್ಟರ್ ಇಟ್ಟುಕೊಂಡವರು ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆ ಅಲೆಯಬೇಕು, ಇಲ್ಲವೇ ಹೊರದೇಶದಿಂದ ತರಿಸಬೇಕು. ಅಂಥ ಕಾರಿನಲ್ಲಿ ಊಹೆಯ ಮೇಲೆ ಒಂದು ಭಾಗ ಬದಲಾಯಿಸುವುದೆಂದರೆ ತಿಂಗಳ ಸಂಬಳದ ಮಾತು.

ಊಹೆ ತಪ್ಪುವ ಅವಕಾಶವೂ ಇಲ್ಲಿ ಜಾಸ್ತಿ. ಸಾಮಾನ್ಯ ಸಣ್ಣ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಎರಡು ಡ್ರೈವ್ ಶಾಫ್ಟ್ ಎಲ್ಲವೂ ಮುಂದೆಯೇ. ಆಲ್ ವೀಲ್ ಡ್ರೈವ್‌ನಲ್ಲಿ ಅದರ ಜೊತೆಗೆ ಹಿಂದಕ್ಕೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದರ ಸೆಂಟರ್ ಬೇರಿಂಗ್, ಶಾಫ್ಟಿನ ಕೀಲುಗಳಾದ ಕ್ರಾಸ್‌ಗಳು, ಕಪ್ಲಿಂಗ್, ಹಿಂದಿನ ಡಿಫರೆನ್ಷಿಯಲ್, ಮತ್ತೆರಡು ಶಾಫ್ಟ್. ಸದ್ದು ಬಾಡಿಯ ಉಕ್ಕಿನಲ್ಲಿ ಹರಿದು ಬೇರೆಲ್ಲೋ ಕೇಳಿಸುತ್ತದೆ. ಹಿಂದಿನ ದೋಷ ಮುಂದಿನ ಸೀಟಿನ ಕೆಳಗೆ ಗುಂಯ್‌ಗುಡುತ್ತದೆ. ಗ್ಯಾರೇಜಿನವರು ಒಮ್ಮೆ ಕಿವಿ ನಿಮಿರಿಸಿ "ಬೇರಿಂಗ್ ಹೋಗಿದೆ ಸರ್" ಎನ್ನುತ್ತಾರೆ. ಒಂದು ಬದಿಯ ಬೇರಿಂಗ್ ಬದಲಾಗುತ್ತದೆ, ಸದ್ದು ಹಾಗೇ ಇರುತ್ತದೆ. ಇನ್ನೊಂದು ಬದಿಯದೂ ಬದಲಾಗುತ್ತದೆ. ಆಮೇಲೆ "ಟೈರ್ ಇರಬಹುದು ಸರ್."

ಸಿಆರ್-ವಿಯ ಉದಾಹರಣೆಯನ್ನೇ ನೋಡಬಹುದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಡುವಾಗ ಹಿಂದಿನಿಂದ ಗೊರ್‌ರ್ ಎಂಬ ನರಳಾಟ, ಜೊತೆಗೊಂದು ಅದುರು. ಕೇಳಿದವರಿಗೆ ಡಿಫರೆನ್ಷಿಯಲ್ಲಿನ ಕ್ರೌನ್-ಪಿನಿಯನ್ ಗೇರುಗಳೇ ಮುಗಿದವೆನ್ನಿಸುವಷ್ಟು ಜೋರು. ಆ ಕಾರಿನ ಹಿಂದಿನ ಡಿಫರೆನ್ಷಿಯಲ್ ಜೋಡಣೆಯಲ್ಲಿ ಎರಡು ಪುಟ್ಟ ಎಣ್ಣೆ ಪಂಪುಗಳಿವೆ. ಒಂದನ್ನು ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಿದರೆ ಇನ್ನೊಂದನ್ನು ಹಿಂದಿನ ಚಕ್ರಗಳು ತಿರುಗಿಸುತ್ತವೆ. ಎರಡೂ ಸಮ ವೇಗದಲ್ಲಿದ್ದಾಗ ಏನೂ ಆಗದು. ಮುಂದಿನ ಚಕ್ರ ಜಾರಿ ವೇಗ ಹೆಚ್ಚಿದರೆ ಎಣ್ಣೆಯ ಒತ್ತಡ ಏರಿ ಕ್ಲಚ್ ಪ್ಲೇಟುಗಳು ಕಚ್ಚಿಕೊಂಡು ಹಿಂದಿನ ಚಕ್ರಗಳಿಗೂ ಬಲ ಹೋಗುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುವುದರಿಂದ ಜಾರದೆಯೂ ಕೊಂಚ ಒತ್ತಡ ಹುಟ್ಟುತ್ತದೆ. ಎಣ್ಣೆ ಹಳತಾಗಿದ್ದರೆ ಪ್ಲೇಟುಗಳು ನುಣ್ಣಗೆ ಜಾರದೆ ಕಚ್ಚಿ-ಬಿಟ್ಟು ಮಾಡುತ್ತವೆ. ಕೇಳಿಸುವುದು ಅದೇ. ಆರಂಭದಲ್ಲೇ ಗುರುತಿಸಿದರೆ ಇದಕ್ಕೆ ಮದ್ದು ಸುಮಾರು ಒಂದು ಲೀಟರ್ ಎಣ್ಣೆ. ಆದರೆ ಅದು ಹೋಂಡಾದವರ ಡ್ಯುಯಲ್ ಪಂಪ್ ಫ್ಲೂಯಿಡ್ಡೇ ಆಗಬೇಕು. ಡಿಫರೆನ್ಷಿಯಲ್ ಅಂದಕೂಡಲೇ ಡಬ್ಬಿಯಲ್ಲಿದ್ದ ಮಾಮೂಲಿ ಗೇರ್ ಆಯಿಲ್ ಸುರಿದರೆ ಇಲ್ಲದ ರೋಗವನ್ನು ಕೊಂಡಂತಾಗುತ್ತದೆ.

ಫಾರೆಸ್ಟರ್‌ನ ತಕರಾರು ಹಲವು ಸಲ ಟೈರಿನಿಂದಲೇ ಶುರುವಾಗುತ್ತದೆ. ನಾಲ್ಕೂ ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ 6.4 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದೆಂದು ಸುಬಾರು ಹೇಳುತ್ತದೆ. ಖರ್ಚು ಉಳಿಸಲು ಎರಡೇ ಟೈರ್ ಹೊಸದು ಹಾಕಿಸಿ, ಉಳಿದೆರಡು 3 ಮಿಲಿಮೀಟರ್ ಹೆಚ್ಚು ಸವೆದಿದ್ದರೆ ಸುತ್ತಳತೆಯ ವ್ಯತ್ಯಾಸ ಸುಮಾರು 19 ಮಿಲಿಮೀಟರ್. ಮಿತಿಯ ಮೂರು ಪಟ್ಟು! ನೇರ ರಸ್ತೆಯಲ್ಲೂ ಕಾರು ತಾನು ತಿರುವಿನಲ್ಲಿದ್ದೇನೆಂದೇ ತಿಳಿಯುತ್ತದೆ. ಮಧ್ಯದ ಕಪ್ಲಿಂಗ್ ಸುಮ್ಮನೆ ಬಿಸಿಯಾಗುತ್ತಲೇ ಇರುತ್ತದೆ.

ಇದನ್ನೆಲ್ಲ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ, ರಸ್ತೆ ಬೇಕು. ಬೆಂಗಳೂರಿನ ಉತ್ತರದಲ್ಲಿ ಅದಕ್ಕೇ ಪರದಾಟ. ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹೊಡೆದರೆ ಸ್ಪೀಡೋಮೀಟರ್ 30 ದಾಟುವುದಿಲ್ಲ. ಚಕ್ರದ ಬೇರಿಂಗ್ ಬಾಯಿ ಬಿಡುವುದೇ 50ರಿಂದ ಮೇಲೆ. ಬೆಳಗಿನ ಜಾವ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯ ಎಲಿವೇಟೆಡ್ ಭಾಗ ಹತ್ತಿದರೆ ಉತ್ತರ ತಾನಾಗಿ ಸಿಗುತ್ತದೆ. 60ರ ಸ್ಥಿರ ವೇಗದಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ಎಳೆದಾಗ ಕಾರಿನ ಭಾರ ಬಲಕ್ಕೆ ವಾಲುತ್ತದೆ. ಗುಂಯ್‌ಗಾಟ ಆಗ ಏರಿದರೆ ಬಲಗಡೆಯ ಬೇರಿಂಗ್ ಮೇಲೆ ಗುಮಾನಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಡಿಫರೆನ್ಷಿಯಲ್ ಗೇರುಗಳತ್ತ ನೋಡಬೇಕು. ಡಾಂಬರಿನಿಂದ ವೈಟ್ ಟಾಪಿಂಗ್ ಕಾಂಕ್ರೀಟಿಗೆ ಬಂದ ಕೂಡಲೇ ಸದ್ದೇ ಬೇರೆಯಾದರೆ ಅದು ಟೈರಿನ ಕೆಲಸ. ಪೂರ್ತಿ ತಿರುವಿನಲ್ಲಿ ಕಟಕಟ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಸಿವಿ ಜಾಯಿಂಟ್. ರಿವರ್ಸಿನಿಂದ ಮುಂದಿನ ಗೇರಿಗೆ ಬದಲಿಸುವಾಗ ಅಡಿಯಿಂದ ಟಕ್ ಅಂದರೆ ಕ್ರಾಸ್ ಹಿಡಿದು ಅಲ್ಲಾಡಿಸಿ ನೋಡಬೇಕು.

ಲೆಕ್ಕ ಹಾಕುವವರಿಗೆ ಇನ್ನೂ ಸುಲಭ. ಡಸ್ಟರ್ ಎಡಬ್ಲ್ಯುಡಿಯ 215/65 ಆರ್16 ಟೈರಿನ ಸುತ್ತಳತೆ ಸುಮಾರು 2.15 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ ಎಂಟು ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದಕ್ಕಿಂತ ಬಹಳ ವೇಗ. ಬಿಡಿಬಿಡಿಯಾಗಿ ಕೇಳುವಷ್ಟು ನಿಧಾನದ ದಡದಡ ಚಕ್ರದ್ದು. ಬಿಡಿಸಿ ಕೇಳಲಾಗದ ನಡುಕ ಶಾಫ್ಟಿನದು. ಅದೇ ಡಸ್ಟರ್‌ನ ಗುಂಡಿಯನ್ನು 2ಡಬ್ಲ್ಯುಡಿಗೆ ತಿರುಗಿಸಿದರೆ ಹಿಂದಕ್ಕೆ ಬಲ ಹೋಗುವುದು ನಿಲ್ಲುತ್ತದೆ, ಶಾಫ್ಟ್ ಮಾತ್ರ ತಿರುಗುತ್ತಲೇ ಇರುತ್ತದೆ. ಸದ್ದು ಹಾಗೇ ಉಳಿಯಿತೆಂದು ಶಾಫ್ಟನ್ನೂ ಸೆಂಟರ್ ಬೇರಿಂಗನ್ನೂ ನಿರ್ದೋಷಿ ಎಂದು ಬಿಟ್ಟುಬಿಡುವವರು ಎಡವುವುದು ಇಲ್ಲೇ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಎರಡು ಚಕ್ರವನ್ನಷ್ಟೇ ಜ್ಯಾಕಿನ ಮೇಲೆ ಎತ್ತಿ, ಗೇರ್ ಹಾಕಿ ಕೇಳುವ ಹಳೇ ಅಭ್ಯಾಸ ಈ ಕಾರುಗಳಲ್ಲಿ ಅಪಾಯ. ನೆಲದಲ್ಲಿರುವ ಚಕ್ರಗಳಿಗೂ ಬಲ ಹೋಗಿ ಕಾರು ಜ್ಯಾಕಿನಿಂದ ಹಾರಬಹುದು. ನಾಲ್ಕೂ ಚಕ್ರ ಮೇಲೇಳುವ ಲಿಫ್ಟ್ ಇಲ್ಲದ ಕಡೆ ಆ ಪ್ರಯೋಗ ಬೇಡವೇ ಬೇಡ.

ಕೇಳುವುದನ್ನೇ ಸಂಬಳದ ಕೆಲಸವಾಗಿ ಒಪ್ಪಿಕೊಂಡ ಸಂಸ್ಥೆಯೊಂದು ಇದೇ ಭಾಗದಲ್ಲಿ ಕಣ್ಣೆದುರಿಗಿದೆ. ದೊಡ್ಡ ನಿಲ್ದಾಣಕ್ಕೆ ರೈಲು ಬರುವಾಗ ಸಿಬ್ಬಂದಿ ಹಳಿಯ ಪಕ್ಕ ನಿಂತು, ಉರುಳುವ ಚಕ್ರಗಳನ್ನು ನೋಡುತ್ತ, ಸದ್ದನ್ನು ಕೇಳುತ್ತ ತಪಾಸಣೆ ಮಾಡುತ್ತಾರೆ. ರೈಲ್ವೆಯಲ್ಲಿ ಅದಕ್ಕೆ 'ರೋಲಿಂಗ್ ಇನ್' ಎಂಬ ಹೆಸರೇ ಇದೆ. ಚಪ್ಪಟೆಯಾದ ಚಕ್ರ, ಬಿಸಿಯೇರಿದ ಆ್ಯಕ್ಸಲ್ ಬಾಕ್ಸ್, ಜೋತುಬಿದ್ದ ಭಾಗ ಎಲ್ಲ ಅಲ್ಲಿ ಸಿಕ್ಕಿಬೀಳಬೇಕು. 1984ರಲ್ಲಿ ಯಲಹಂಕದಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆ ಆ್ಯಕ್ಸಲ್‌ಗಳನ್ನು ಹೊರಗೆ ಕಳಿಸುವ ಮುಂಚೆ ಅಲ್ಟ್ರಾಸೌಂಡ್ ಹಾಯಿಸಿ ಒಳಗಿನ ಬಿರುಕು ಹುಡುಕುತ್ತದೆ. ಅದೂ ಒಂದು ಬಗೆಯ ಆಲಿಸುವಿಕೆಯೇ, ಮನುಷ್ಯನ ಕಿವಿಗೆ ನಿಲುಕದ್ದು ಅಷ್ಟೆ.

ಹಾಗೆಂದು ತಪ್ಪನ್ನೆಲ್ಲ ಗ್ಯಾರೇಜಿನ ತಲೆಗೆ ಕಟ್ಟಿದರೆ ಅನ್ಯಾಯ. ಒಂದು ಗಂಟೆ ಓಡಿಸಿ, "ಏನೂ ಬದಲಾಯಿಸುವುದು ಬೇಡ, ಎಣ್ಣೆ ಹಾಕಿಸಿ ಸಾಕು" ಎಂದು ಹೇಳಿ ಐನೂರು ರೂಪಾಯಿ ಕೇಳಿದ ಮೆಕ್ಯಾನಿಕ್ಕಿಗೆ "ಬರೀ ನೋಡಿದ್ದಕ್ಕೇ ದುಡ್ಡಾ?" ಎನ್ನುವ ಗಿರಾಕಿಗಳೇ ಹೆಚ್ಚು. ಅದೇ ಜನ ಡಾಕ್ಟರ ಬಳಿ ಔಷಧಿ ಬರೆಯದಿದ್ದರೂ ಕನ್ಸಲ್ಟೇಷನ್ ಫೀಸು ಕೊಟ್ಟು ಬರುತ್ತಾರೆ. ಸ್ಕ್ಯಾನರ್‌ಗೂ ಮಾತಿಲ್ಲದೆ ಕೊಡುತ್ತಾರೆ. ಸವೆದ ಬೇರಿಂಗಾಗಲಿ ಹಳಸಿದ ಎಣ್ಣೆಯಾಗಲಿ ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಯಾವ ಕೋಡನ್ನೂ ತೋರಿಸುವುದಿಲ್ಲ, ಆ ಮಾತು ಬೇರೆ.

ಆದ್ದರಿಂದ ಬಿಲ್ಲಿಗೆ ಆ ಸಾಲು ಸೇರಲಿ: ಟ್ರಯಲ್ ಮತ್ತು ಪತ್ತೆ, ಒಂದು ಗಂಟೆಯ ಲೇಬರ್. ಅದಕ್ಕೆ ಪ್ರತಿಯಾಗಿ ಮಾಲೀಕರಿಗೆ ಒಂದು ಚೀಟಿ ಸಿಗಬೇಕು. ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ ಕೇಳಿಸಿತು, ಏನೇನು ಪರೀಕ್ಷಿಸಿ ಕೈಬಿಟ್ಟರು, ಉಳಿದ ಗುಮಾನಿ ಯಾವುದು ಎಂಬುದು ಅದರಲ್ಲಿರಬೇಕು. ರಿಪೇರಿ ಅಲ್ಲೇ ಆದರೆ ಆ ಮೊತ್ತ ಬಿಲ್ಲಿನಲ್ಲಿ ವಜಾ. ಬೇರೆ ಕಡೆ ಮಾಡಿಸಿದರೆ ಚೀಟಿ ಮಾಲೀಕರದು. ತೆಗೆದ ಹಳೇ ಬೇರಿಂಗನ್ನು ಕೈಗೆ ಕೊಟ್ಟು ತಿರುಗಿಸಿ ತೋರಿಸುವುದೂ ಈ ಒಪ್ಪಂದದಲ್ಲೇ ಸೇರಲಿ. ನುಣ್ಣಗೆ ತಿರುಗಿದರೆ ಲೇಬರ್ ವಾಪಸ್.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಅಂಥ ಚೀಟಿ ಉಪಯೋಗಕ್ಕೆ ಬರುತ್ತದೆ. ಇದೇ ಭಾಗದ ಕೆಎ 04 ಅಥವಾ ಕೆಎ 50 ನಂಬರಿನ ಹಳೆಯ ಸಿಆರ್-ವಿ ಅಗ್ಗಕ್ಕೆ ಸಿಗುತ್ತಿದೆಯೆಂದರೆ ಮೊದಲು ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಬೇಕು, ನಾಲ್ಕೂ ಟೈರಿನ ಸವೆತ ಅಳೆಯಬೇಕು, ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಬದಲಿಸಿದ ರಸೀದಿ ಕೇಳಬೇಕು. ರಸೀದಿ ಇಲ್ಲವೆಂದರೆ ಎಣ್ಣೆಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತು ಮುಂದುವರಿಸಬೇಕು.