ಬಾಯೊಳಗಿನ ಕುಟ್ಟಾಣಿ

ಊಟ ಆದ್ಮೇಲೆ ನಾಲಗೆಯನ್ನ ಒಮ್ಮೆ ದವಡೆ ಹಲ್ಲಿನ ಮೇಲೆ ಆಡಿಸಿ ನೋಡಿ. ನುಣುಪಾಗಿಲ್ಲ ಅಲ್ವಾ? ನಾಲ್ಕೈದು ಗುಡ್ಡ, ನಡುವೆ ಕಣಿವೆ. ಈ ಗುಡ್ಡಗಳಿಗೆ ಡೆಂಟಿಸ್ಟ್‌ಗಳು ‘ಕಸ್ಪ್’ ಅಂತಾರೆ. ಮೇಲಿನ ಹಲ್ಲಿನ ಗುಡ್ಡ ಕೆಳಗಿನ ಹಲ್ಲಿನ ಕುಳಿಗೆ ಬಂದು ಕೂರುತ್ತೆ. ಅಜ್ಜಿಯ ಎಲೆ-ಅಡಿಕೆ ಕುಟ್ಟಾಣಿ ಇದ್ದ ಹಾಗೆ.

ಈ ಕುಟ್ಟಾಣಿ ಮನುಷ್ಯರಿಗಿಂತ ಎಷ್ಟೋ ಹಳೇದು. ಕಲಬುರಗಿಗೆ ಅಂಟಿಕೊಂಡಿರುವ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿ ನಸ್ಕಲ್ ಅನ್ನೋ ಊರಿದೆ. ಅಲ್ಲಿ ಲಾವಾ ಪದರಗಳ ನಡುವೆ ಸಿಕ್ಕ ಪುಟಾಣಿ ಹಲ್ಲುಗಳ ಬಗ್ಗೆ ವಿಜ್ಞಾನಿಗಳಾದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಬರೆದರು. ಹಲ್ಲುಗಳು ಡೆಕ್ಕನೊಲೆಸ್ಟಿಸ್ ಎಂಬ ಪುಟ್ಟ ಸಸ್ತನಿಯವು. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ ಬದುಕಿದ್ದ ಪ್ರಾಣಿ ಅದು. ಅದರ ಮೇಲಿನ ದವಡೆ ಹಲ್ಲಲ್ಲಿ ತ್ರಿಕೋನದಂತೆ ಮೂರು ಮುಖ್ಯ ಗುಡ್ಡಗಳು. ಅಂಚುಗಳು ಕತ್ತರಿಸುತ್ತಿದ್ದವು, ಒಳಗಿನ ಗುಡ್ಡ ಕುಟ್ಟುತ್ತಿತ್ತು. ನಮ್ಮ ಹಲ್ಲಿಗೆ ಮೂಲ ಇದೇ ನಮೂನೆ. ಹಿಂಬದಿಯ ಮೂಲೆಯಲ್ಲಿ ನಾಲ್ಕನೇ ಗುಡ್ಡ ಸೇರಿ, ಮೇಲಿನ ದವಡೆ ಹಲ್ಲು ಚೌಕವಾಯ್ತು.

ಆಹಾರ ಬದಲಾದಂತೆ ಗುಡ್ಡಗಳ ಆಕಾರವೂ ಬದಲಾಗಿದೆ. ಹುಲ್ಲು ಮೆಲ್ಲುವ ಹಸುವಿಗೆ ಅವು ಅರ್ಧಚಂದ್ರದಂಥ ಏಣುಗಳು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬನ್ನೇರುಘಟ್ಟ ಕಾಡಿನ ಆನೆಗೆ ಸಾಲಾಗಿ ಜೋಡಿಸಿದ ಬಿಲ್ಲೆಗಳು. ಆನೆಯ ದವಡೆಯ ಪ್ರತಿ ಭಾಗದಲ್ಲೂ ಜೀವಮಾನದಲ್ಲಿ ಆರು ಅಗಿಯುವ ಹಲ್ಲು, ಒಂದು ಸವೆದಂತೆ ಹಿಂದಿನಿಂದ ಮತ್ತೊಂದು ಮುಂದೆ ಬರುತ್ತೆ. ಆರನೆಯದೂ ಸವೆದರೆ ಮೇವು ಅಗಿಯೋಕೆ ಆಗಲ್ಲ.

ನಮಗೆ ಅಷ್ಟು ಅವಕಾಶವೂ ಇಲ್ಲ. ದೊಡ್ಡ ದವಡೆ ಹಲ್ಲು ಬರೋದು ಒಂದೇ ಸಲ. ಮೊದಲನೆಯದು ಆರನೇ ವಯಸ್ಸಿನ ಆಸುಪಾಸಲ್ಲಿ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುತ್ತೆ. ಯಾವ ಹಲ್ಲೂ ಬಿದ್ದಿರಲ್ಲ, ಹಾಗಾಗಿ ಅಪ್ಪ-ಅಮ್ಮಂದಿರು ಇದೂ ಹಾಲುಹಲ್ಲೇ, ಹುಳುಕಾದ್ರೆ ಬಿದ್ದು ಹೊಸದು ಬರುತ್ತೆ ಅಂದುಕೊಂಡುಬಿಡ್ತಾರೆ. ಬರಲ್ಲ!

ಗುಡ್ಡಗಳ ನಡುವಿನ ಸಂದಿ ಎಷ್ಟೋ ಕಡೆ ಬ್ರಷ್‌ನ ಎಳೆಗಿಂತ ಕಿರಿದು. ಬಿಸ್ಕೆಟ್, ಚಾಕಲೇಟ್‌ನ ಅಂಟು ಅಲ್ಲೇ ಕೂತು ಹುಳುಕು ಶುರುವಾಗುತ್ತೆ. ಅದಕ್ಕೇ ಡೆಂಟಿಸ್ಟ್‌ಗಳು ಆ ಸಂದಿಗಳಿಗೆ ಸೀಲಂಟ್ ಅನ್ನೋ ತೆಳು ಲೇಪ ಹಚ್ಚುತ್ತಾರೆ. ಕೊರೆಯೋದೂ ಇಲ್ಲ, ನೋವೂ ಇಲ್ಲ.

ಮನೆಯಲ್ಲಿ ಆರೇಳು ವರ್ಷದ ಮಗು ಇದ್ಯಾ? ಇವತ್ತು ರಾತ್ರಿ ಬಾಯಿ ತೆರೆಸಿ, ಮೊಬೈಲ್ ಟಾರ್ಚ್ ಹಾಕಿ, ಕೊನೇ ಹಲ್ಲು ನೋಡಿ. ಗುಡ್ಡಗಳು ಹೊಸದಾಗಿ ಮೇಲೆದ್ದಿದ್ದರೆ ಶನಿವಾರ ಡೆಂಟಿಸ್ಟ್ ಹತ್ರ ಒಮ್ಮೆ ತೋರಿಸಿಕೊಂಡು ಬನ್ನಿ.