ಮರಳಿ ಮೈದಾನಕ್ಕೆ

ಮಕ್ಕಳು ಆಡುವ ಊರಿನಲ್ಲಿ ಕಾಲು ಮುರಿದುಕೊಳ್ಳುವ ಮಕ್ಕಳೂ ಇರುತ್ತಾರೆ. ತುಂಗಭದ್ರೆಯ ದಡದಲ್ಲಿರುವ ನಮ್ಮ ಹರಿಹರವೂ ಇದಕ್ಕೆ ಹೊರತಲ್ಲ. ಸಂಜೆಯ ಗಂಟೆ ಬಾರಿಸುವುದೇ ತಡ, ಬಾಲಕ ಬಾಲಕಿಯರು ಬಯಲಿಗೆ ಧಾವಿಸುತ್ತಾರೆ. ಖೊ ಖೊ, ಕಬಡ್ಡಿ, ವಾಲಿಬಾಲ್ ಮುಂತಾದ ಆಟಗಳಲ್ಲೆಲ್ಲ ಓಡುತ್ತಿರುವಾಗಲೇ ಥಟ್ಟನೆ ತಿರುಗಬೇಕು. ಮೇಲಕ್ಕೆ ಹಾರಿದವರು ಕೆಲವೊಮ್ಮೆ ಒಂದೇ ಕಾಲಿನ ಮೇಲೆ ಇಳಿಯಬೇಕು. ಆ ತಿರುವಿನ, ಆ ಇಳಿತದ ಭಾರವನ್ನು ಹೊರುವುದು ಕಣಕಾಲು. ಅದು ಮುರಿದಾಗ ಮನೆಯಲ್ಲಿ ಎರಡು ಬಗೆಯ ಮಾತುಗಳು ಹುಟ್ಟುತ್ತವೆ. “ಪಟ್ಟಿ ಬಿಚ್ಚಿದರೆ ಎಲ್ಲ ಸರಿಹೋಯಿತು, ಮುಂದಿನ ಪಂದ್ಯಕ್ಕೆ ಆಡಬಹುದು” ಎಂಬುದು ಒಂದು. “ಇನ್ನು ಆಟದ ಸಹವಾಸವೇ ಬೇಡ” ಎಂಬುದು ಇನ್ನೊಂದು. ಮೊದಲನೆಯದು ಆತುರದ ಮಾತು, ಎರಡನೆಯದು ಅಂಜಿಕೆಯ ಮಾತು. ಎರಡೂ ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯ. ಮುರಿದ ಕಾಲಿನಿಂದ ಮೈದಾನಕ್ಕೆ ಮರಳುವುದೂ ಒಂದು ವಿದ್ಯೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಯಬೇಕು, ಕಲಿಸಬೇಕು.

ಕಣಕಾಲಿನ ರಚನೆಯನ್ನು ಸ್ವಲ್ಪ ಗಮನಿಸಿರಿ. ಮೊಣಕಾಲಿನಿಂದ ಕೆಳಗೆ ಎರಡು ಮೂಳೆಗಳು ಜೊತೆಯಾಗಿ ಇಳಿದುಬರುತ್ತವೆ. ಒಂದು ದಪ್ಪ, ಒಂದು ತೆಳು. ಇವೆರಡರ ತುದಿಗಳು ಒಳಗೂ ಹೊರಗೂ ಗಿಣ್ಣುಗಳಾಗಿ ಉಬ್ಬಿ, ಪಾದದ ಮೇಲಿನ ಮೂಳೆಯೊಂದನ್ನು ಇಕ್ಕುಳದಂತೆ ಹಿಡಿದುಕೊಂಡಿವೆ. ಮೂಳೆಯನ್ನು ಮೂಳೆಗೆ ಬಿಗಿಯುವ ಗಟ್ಟಿಯಾದ ಅಸ್ಥಿಬಂಧಕಗಳು ಸುತ್ತಲೂ ಇವೆ. ಪಾದ ಒಳಮುಖವಾಗಿ ಹೊರಳಿ ಮೈಭಾರವೆಲ್ಲ ಅದರ ಮೇಲೆ ಬಿದ್ದಾಗ ಬಂಧಕಗಳು ಎಳೆಯಲ್ಪಡುತ್ತವೆ. ಅದನ್ನೇ ನಾವು ಉಳುಕು ಎನ್ನುತ್ತೇವೆ. ಬಲ ಇನ್ನೂ ಹೆಚ್ಚಾದರೆ ಗಿಣ್ಣೇ ಮುರಿಯುತ್ತದೆ.

ಉಳುಕೋ ಮುರಿತವೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯದು. ನಮ್ಮ ಕಡೆಯಲ್ಲಿ ಬಿದ್ದವರ ಕಾಲನ್ನು ಎಣ್ಣೆ ಹಚ್ಚಿ ನೀವುವ, ಎಳೆದು ಸರಿಮಾಡುವ ರೂಢಿ ಬಹಳ ಹಿಂದಿನಿಂದ ಉಂಟು. ಪ್ರೀತಿಯಿಂದಲೇ ಮಾಡಿದರೂ ಮುರಿದ ಮೂಳೆಗೆ ಇದು ಅಪಾಯಕಾರಿ. 1756ರಲ್ಲಿ ಲಂಡನ್ ನಗರದ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನು. ಜನ ಎತ್ತಲು ಬಂದಾಗ ಆತ ಒಪ್ಪಲಿಲ್ಲ. ಬಿದ್ದಲ್ಲಿಯೇ ಇದ್ದು, ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಹೊರೆಕಂಬಗಳನ್ನು ಮೊಳೆ ಹೊಡೆಸಿ, ಅದರ ಮೇಲೆ ಅಲುಗಾಡದಂತೆ ಮಲಗಿ ಮನೆಗೆ ಹೋದನು. ಕತ್ತರಿಸಬೇಕಾಗಿ ಬಂದಿದ್ದ ಕಾಲು ಉಳಿಯಿತು. ಕಣಕಾಲಿನ ಒಂದು ಬಗೆಯ ಮುರಿತಕ್ಕೆ ಇಂದಿಗೂ ಅವನ ಹೆಸರಿದೆ. ಅಲುಗಾಡಿಸದಿರುವುದೇ ಮೊದಲ ಚಿಕಿತ್ಸೆಯೆಂಬ ಪಾಠ ಅವನ ಕಾಲಕ್ಕೆ ಹೇಗೋ ನಮ್ಮ ಕಾಲಕ್ಕೂ ಹಾಗೆಯೇ.

ಕೆನಡಾ ದೇಶದ ಆಟವಾ ನಗರದ ವೈದ್ಯರು 1992ರಲ್ಲಿ ಸರಳವಾದ ನಿಯಮವೊಂದನ್ನು ರೂಪಿಸಿದರು. ಪೆಟ್ಟು ತಿಂದವರಿಗೆ ನಾಲ್ಕು ಹೆಜ್ಜೆ ಇಡಲು ಸಾಧ್ಯವಾಗದಿದ್ದರೆ, ಅಥವಾ ಗಿಣ್ಣಿನ ಮೂಳೆಯನ್ನು ಮುಟ್ಟಿ ಒತ್ತಿದಾಗ ನೋವಾದರೆ ಕ್ಷ-ಕಿರಣದ ಚಿತ್ರ ತೆಗೆಯಬೇಕೆಂಬುದು ಅದರ ಸಾರ. ನಿಮ್ಮ ವಯಸ್ಸಿನವರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಬೆಳೆಯುವ ಮಕ್ಕಳ ಮೂಳೆಯ ತುದಿಯ ಬಳಿ ಮೃದುವಾದ ಬೆಳವಣಿಗೆಯ ಪದರವಿರುತ್ತದೆ. ಅದಕ್ಕೆ ಪೆಟ್ಟಾಗಿ, ಚಿಕಿತ್ಸೆ ಸರಿಯಾಗದಿದ್ದರೆ ಮೂಳೆ ಸೊಟ್ಟಗೆ ಬೆಳೆಯುವ ಸಂಭವವಿದೆ. ಆದುದರಿಂದ ನೋವನ್ನು ಮುಚ್ಚಿಟ್ಟುಕೊಳ್ಳುವುದು ಧೈರ್ಯವಲ್ಲ.

ಮುರಿದ ಮೂಳೆ ಕೂಡುವ ಬಗೆ ಪ್ರಕೃತಿಯ ಅಚ್ಚರಿಗಳಲ್ಲಿ ಒಂದು. ಮುರಿದೆಡೆಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಅಲ್ಲಿ ಮೃದುವಾದ ಅಂಟಿನಂತಹ ಬೆಸುಗೆ ಮೂಡುತ್ತದೆ. ವಾರಗಳು ಕಳೆದಂತೆ ಅದು ಗಟ್ಟಿಯಾಗಿ ಮೂಳೆಯಾಗುತ್ತದೆ. ಸಾಮಾನ್ಯವಾಗಿ ಕಣಕಾಲು ಕೂಡಲು ಸುಮಾರು ಆರು ವಾರ ಬೇಕು. ಕೆಲವರಿಗೆ ಲೋಹದ ಪಟ್ಟಿ, ತಿರುಪುಗಳನ್ನು ಹಾಕಿ ಜೋಡಿಸಬೇಕಾಗುತ್ತದೆ. ಹೊಸ ಮೂಳೆ ತನ್ನ ಹಳೆಯ ಆಕಾರಕ್ಕೆ ತಿದ್ದಿಕೊಳ್ಳುವ ಕೆಲಸ ಆ ಬಳಿಕವೂ ಅನೇಕ ತಿಂಗಳು ಒಳಗೊಳಗೇ ನಡೆಯುತ್ತಿರುತ್ತದೆ. ಈ ಕಟ್ಟೋಣಕ್ಕೆ ಸುಣ್ಣದ ಅಂಶ ಬೇಕು. ನಾವು ಉಣ್ಣುವ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮುದ್ದೆ, ಹಾಲು, ಬೇಳೆ, ಎಳೆಬಿಸಿಲುಗಳಷ್ಟು ಸುಲಭವಾಗಿ ದೊರೆಯುವ ಔಷಧ ಬೇರೊಂದಿಲ್ಲ.

ಇನ್ನು ಪಟ್ಟಿ ಬಿಚ್ಚಿದ ದಿನದ ಮಾತು. ಆ ದಿನ ಮಗು ತನ್ನ ಕಾಲನ್ನು ನೋಡಿ ಬೆಚ್ಚುತ್ತದೆ. ಚರ್ಮ ಒಣಗಿದೆ, ಮೀನಖಂಡ ಸೊರಗಿ ಇನ್ನೊಂದು ಕಾಲಿಗಿಂತ ತೆಳ್ಳಗಾಗಿದೆ, ಪಾದ ಮೇಲಕ್ಕೆ ಬಾಗದು. ಕಣ್ಣಿಗೆ ಕಾಣದ ನಷ್ಟವೊಂದೂ ಇದೆ. ಕೀಲಿನ ಸುತ್ತಲಿನ ನರಗಳು ನೆಲ ಎತ್ತ ಓರೆಯಾಗಿದೆ, ಪಾದ ಎತ್ತ ವಾಲುತ್ತಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮೆದುಳಿಗೆ ಮುಟ್ಟಿಸುತ್ತಿರುತ್ತವೆ. ಪೆಟ್ಟಿನಿಂದಲೂ ವಾರಗಟ್ಟಲೆ ಕದಲದೆ ಇದ್ದುದರಿಂದಲೂ ಈ ಅರಿವು ಮಂದವಾಗಿರುತ್ತದೆ. ಮೂಳೆ ಕೂಡಿದರೂ ಕಾಲು ಆಟವನ್ನು ಮರೆತಿರುತ್ತದೆ. ಆ ಸ್ಥಿತಿಯಲ್ಲಿ ಕಬಡ್ಡಿಯ ಅಂಕಣಕ್ಕೆ ಇಳಿದವನು ಮತ್ತೆ ಬಿದ್ದರೆ ಅದನ್ನು ದುರದೃಷ್ಟವೆನ್ನಲಾಗದು.

ಹಾಗಾದರೆ ಕಾಲಿಗೆ ಆಟವನ್ನು ನೆನಪಿಸುವುದು ಹೇಗೆ? ಇದಕ್ಕೆ ನಮ್ಮ ಪ್ರಾಚೀನರಲ್ಲಿ ಸೊಗಸಾದ ಉತ್ತರವಿದೆ. ಸುಶ್ರುತ ಸಂಹಿತೆಯು ಮೂಳೆ ಮುರಿತದಲ್ಲಿ ಹನ್ನೆರಡು ಬಗೆ, ಕೀಲು ತಪ್ಪುವುದರಲ್ಲಿ ಆರು ಬಗೆ ಎಂದು ವಿಂಗಡಿಸುತ್ತದೆ; ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳನ್ನಿಟ್ಟು ಕಟ್ಟುವ ಕ್ರಮವನ್ನು ಹೇಳುತ್ತದೆ. ಅಂಗೈಯ ಮೂಳೆ ಮುರಿದು ಕೂಡಿದವನಿಗೆ ಅದು ವಿಧಿಸುವ ಅಭ್ಯಾಸ ಇನ್ನೂ ಸ್ವಾರಸ್ಯವಾದುದು. ಅವನು ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು. ಆಮೇಲೆ ಉಪ್ಪಿನ ಗಟ್ಟಿಯನ್ನು. ಕೈಗೆ ಬಲ ಬಂದ ನಂತರ ಕಲ್ಲನ್ನು. ಕೈಗೆ ಹೇಳಿದ ಈ ಮಾತು ಕಾಲಿಗೂ ಒಪ್ಪುತ್ತದೆ. ಇಂದಿನ ಫಿಸಿಯೋಥೆರಪಿಯ ತತ್ತ್ವವೂ ಇದೇ.

ವೈದ್ಯರು ಅನುಮತಿ ಕೊಟ್ಟ ಮೇಲೆ ಮೊದಲ ದಿನಗಳಲ್ಲಿ ಕುಳಿತಲ್ಲಿಯೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಅನಂತರ ಊರುಗೋಲಿನ ನೆರವಿನಿಂದ ಸ್ವಲ್ಪ ಸ್ವಲ್ಪವೇ ಭಾರ ಹಾಕುವುದು. ಬಳಿಕ ಗೋಡೆ ಹಿಡಿದು ಹಿಮ್ಮಡಿಯನ್ನೆತ್ತಿ ತುದಿಗಾಲಿನ ಮೇಲೆ ನಿಲ್ಲುವುದು. ಮುಂದೆ ಒಂಟಿ ಕಾಲಿನ ಮೇಲೆ ನಿಲ್ಲುವುದು; ಅದು ಸುಲಭವಾದಾಗ ಯಾರಾದರೂ ಪಕ್ಕದಲ್ಲಿರುವಾಗ ಕಣ್ಣು ಮುಚ್ಚಿ ನಿಲ್ಲುವುದು. ಆಮೇಲೆ ನೇರವಾದ ನಿಧಾನದ ಓಟ, ಆಮೇಲೆ ನೆಗೆತ, ಎಲ್ಲಕ್ಕೂ ಕೊನೆಯಲ್ಲಿ ತಿರುವು. ಒಂದು ಮೆಟ್ಟಿಲಿನಲ್ಲಿ ನೋವಾಗಲಿ ಊತವಾಗಲಿ ಕಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ದಾವಣಗೆರೆಯ ಕಡೆಯವರಿಗೆ ಕುಸ್ತಿಯ ಪರಿಚಯ ಉಂಟಷ್ಟೆ. ಗರಡಿಗೆ ಬಂದ ಹೊಸ ಹುಡುಗನನ್ನು ಉಸ್ತಾದರು ಅಂದೇ ಜಟ್ಟಿಯೊಂದಿಗೆ ಸೆಣಸಲು ಬಿಡುತ್ತಾರೆಯೇ? ಮೊದಲು ಮಣ್ಣು ಹದ ಮಾಡಿಸಿ, ದಂಡೆ ಬಸ್ಕಿ ಹೊಡೆಸಿ, ಮೈ ಪಳಗಿದ ಮೇಲೆಯೇ ಕಣಕ್ಕಿಳಿಸುತ್ತಾರೆ. ಮುರಿದು ಕೂಡಿದ ಕಾಲು ಗರಡಿಗೆ ಬಂದ ಹೊಸ ಹುಡುಗನಂತೆಯೇ.

ಇಷ್ಟೊಂದು ತಾಳ್ಮೆ ಬೇಕೆ ಎಂದು ನೀವು ಕೇಳಬಹುದು. ಬ್ಯಾಡ್ಮಿಂಟನ್ ಆಟಗಾರ್ತಿ ಪಿ. ವಿ. ಸಿಂಧು 2022ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು. ಅವರ ಎಡಗಣಕಾಲಿನಲ್ಲಿ ಅತಿಶ್ರಮದಿಂದ ಬೀಳುವಂತಹ ಮೂಳೆಸೀಳು ಉಂಟಾಗಿತ್ತು. ಅದೇ ತಿಂಗಳು ಟೋಕಿಯೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಅವರು ಬಿಟ್ಟುಕೊಟ್ಟರು. ಮತ್ತೆ ಅಂಕಣಕ್ಕೆ ಬಂದುದು 2023ರ ಜನವರಿಯಲ್ಲಿ, ಸುಮಾರು ಐದು ತಿಂಗಳ ನಂತರ. ಆ ಮಲೇಷ್ಯಾ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಅವರು ಸೋತರು. ಆದರೂ ಆಟ ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಲಕ್ನೋದಲ್ಲಿ ಮತ್ತೆ ಪ್ರಶಸ್ತಿ ಗೆದ್ದರು. ನುರಿತ ವೈದ್ಯರೂ ತರಬೇತುದಾರರೂ ಜೊತೆಗಿದ್ದ ಆಟಗಾರ್ತಿಗೇ ಐದು ತಿಂಗಳು ಬೇಕಾದರೆ, ತಾಲ್ಲೂಕು ಮಟ್ಟದ ಪಂದ್ಯ ಹತ್ತಿರ ಬಂತೆಂದು ಒಂಬತ್ತನೆಯ ತರಗತಿಯ ಬಾಲಕನನ್ನು ಆರು ವಾರಕ್ಕೆ ಕಣಕ್ಕಿಳಿಸುವುದು ಯಾವ ನ್ಯಾಯ?

ನೋವು ನುಂಗಿ ಆಡುವುದನ್ನು ನಾವು ಶೌರ್ಯವೆಂದು ಕೊಂಡಾಡುತ್ತೇವೆ. ಬೆಂಗಳೂರಿನ ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಸತತವಾಗಿ 14 ಓವರು ಎಸೆದು ಲಾರಾನನ್ನು ಔಟ್ ಮಾಡಿದುದು ಎಲ್ಲರಿಗೂ ನೆನಪಿದೆ. ಅದು ಮೆಚ್ಚತಕ್ಕ ಸಾಹಸವೇ ಸರಿ. ಆದರೆ ಆ ಬಳಿಕ ಅವರು ಶಸ್ತ್ರಚಿಕಿತ್ಸೆಗಾಗಿ ಊರಿಗೆ ಮರಳಿದರೆಂಬುದನ್ನು ಹೇಳುವವರು ಕಡಮೆ. ಅದಕ್ಕೂ ಮೊದಲು ಚೆಂಡೆಸೆಯುವ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, 2001ರ ಆರಂಭದ ಆಸ್ಟ್ರೇಲಿಯಾ ವಿರುದ್ಧದ ಸರಣಿಯನ್ನು ಆಡಲಾಗದೆ, ತಿಂಗಳುಗಟ್ಟಲೆ ಭುಜವನ್ನು ಮತ್ತೆ ಪಳಗಿಸಿಕೊಂಡ ಕುಂಬ್ಳೆಯನ್ನು ನೆನೆಯುವವರು ಇನ್ನೂ ಕಡಮೆ. ಅವರ 619 ಟೆಸ್ಟ್ ವಿಕೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಭುಜದ ಚಿಕಿತ್ಸೆಯ ನಂತರದವು. ಒಂದು ದಿನದ ಸಾಹಸ ಚಿತ್ರವಾಗಿ ಉಳಿಯಿತು. ತಿಂಗಳುಗಳ ತಾಳ್ಮೆ ಆಟವನ್ನೇ ಉಳಿಸಿತು. ವಿದ್ಯಾರ್ಥಿಗಳು ಅನುಸರಿಸಬೇಕಾದುದು ಎರಡನೆಯದನ್ನು.

ಆತುರಕ್ಕೆ ಮದ್ದು ತಾಳ್ಮೆ. ಅಂಜಿಕೆಗೆ ಮದ್ದು ಯಾವುದು? ಈ ಪ್ರಶ್ನೆ ಬಾಲಕಿಯರ ವಿಷಯದಲ್ಲಿ ಬಹಳ ಮುಖ್ಯವಾದುದು. ಹುಡುಗ ಬಿದ್ದು ಕಾಲು ಮುರಿದುಕೊಂಡರೆ, “ಆಡುವ ಹುಡುಗ ಬೀಳದೆ ಇರುತ್ತಾನೆಯೇ?” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹುಡುಗಿ ಬಿದ್ದರೆ, “ನಾಳೆ ಕುಂಟಿಯಾದರೆ ಯಾರು ಮದುವೆಯಾಗುತ್ತಾರೆ? ಆಡಿದ್ದು ಸಾಕು” ಎನ್ನುತ್ತಾರೆ. ಮೂಳೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಭೇದವಿರುವುದು ನಮ್ಮ ಮಾತಿನಲ್ಲಿ. ಚುರುಕಾಗಿ ಖೊ ಖೊ ಆಡುತ್ತಿದ್ದ ಹುಡುಗಿಯರು ಕಾಲು ಪೂರ್ಣವಾಗಿ ಗುಣವಾದ ಮೇಲೂ ಮೈದಾನದ ಅಂಚಿನಲ್ಲಿ ನಿಂತು ನೋಡುವುದನ್ನು ನನ್ನ ಅಧ್ಯಾಪನದ ವರ್ಷಗಳಲ್ಲಿ ಕಂಡಿದ್ದೇನೆ. ಅವರ ಕಾಲು ಆರು ವಾರಕ್ಕೆ ಕೂಡಿತ್ತು. ಆಟ ಮಾತ್ರ ಮತ್ತೆ ಕೂಡಲಿಲ್ಲ. ಇದು ಮೂಳೆ ಮುರಿತಕ್ಕಿಂತ ದೊಡ್ಡ ಮುರಿತವಲ್ಲವೇ?

ತಂದೆತಾಯಿಯರ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಚಿಕಿತ್ಸೆಗೆ ಹಣ ಬೇಕು. ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದು ಎಲ್ಲರಿಂದಲೂ ಆಗದು. ಆದರೆ ಭಯವನ್ನು ಕಳೆಯುವ ದಾರಿ ಆಟವನ್ನು ನಿಲ್ಲಿಸುವುದಲ್ಲ. ಬಿದ್ದವನಿಗೆ ಮತ್ತೆ ಬೀಳುವೆನೆಂಬ ಅಳುಕು ಸಹಜ. ಇಂದು ಒಂಟಿ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಂತವನು ನಾಳೆ ಇಪ್ಪತ್ತು ಎಣಿಸುವವರೆಗೆ ನಿಂತರೆ, ಆ ಹತ್ತರಷ್ಟು ಅಳುಕು ಕಳೆಯಿತೆಂದೇ ಅರ್ಥ. ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ಅಂಜಿಕೆಗೂ ಮದ್ದು.

ಇಲ್ಲಿ ಶಾಲೆಯ ಹೊಣೆಯೂ ಇದೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮಗುವನ್ನು ಆಟದ ಅವಧಿಯಲ್ಲಿ ತರಗತಿಯೊಳಗೆ ಒಂಟಿಯಾಗಿ ಕೂರಿಸಬಾರದು. ಮೈದಾನದ ಬದಿಯಲ್ಲಿ ಕುಳಿತು ಅಂಕ ಬರೆಯಲಿ, ಸಮಯ ನೋಡಲಿ, ಆಟದ ನಿಯಮಗಳನ್ನು ಕಲಿಯಲಿ. ಅವಳು ತಂಡದವಳೇ ಎಂಬುದು ಅವಳಿಗೂ ತಂಡಕ್ಕೂ ನೆನಪಿರಲಿ. ವೈದ್ಯರ ಒಪ್ಪಿಗೆಯಿಲ್ಲದೆ ಯಾರನ್ನೂ ಪಂದ್ಯಕ್ಕೆ ಸೇರಿಸಬಾರದು. ಒಪ್ಪಿಗೆ ದೊರೆತ ಮೇಲೆ ಯಾರನ್ನೂ ಹೊರಗಿಡಬಾರದು. ಕೆಲವರ ಮುರಿತ ಕಠಿನವಾಗಿದ್ದು ಮೊದಲಿನ ವೇಗ ಬಾರದೆ ಇರಬಹುದು. ಅಂಥವರಿಗೆ ಈಜು ಇದೆ, ಚದುರಂಗವಿದೆ, ತೀರ್ಪುಗಾರಿಕೆಯಿದೆ. ಮೈದಾನಕ್ಕೆ ಮರಳಲು ದಾರಿಗಳು ಹಲವು.

ನಮ್ಮ ಊರಿನ ಹೆಸರಿನಲ್ಲಿಯೇ ಎರಡರ ಕೂಡುವಿಕೆಯಿದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಮುರಿದ ಕಾಲಿನ ವಿಷಯದಲ್ಲಿಯೂ ಇಂತಹ ಕೂಡುವಿಕೆಯೇ ಬೇಕು. ವಿಶ್ರಾಂತಿಯೊಂದೇ ಆದರೆ ಕಾಲು ಸೊರಗುತ್ತದೆ; ಶ್ರಮವೊಂದೇ ಆದರೆ ಮತ್ತೆ ಮುರಿಯುತ್ತದೆ. ಎರಡನ್ನೂ ಅಳತೆಯರಿತು ಕೂಡಿಸಿದವರಿಗೆ ಮೈದಾನ ಮತ್ತೆ ದೊರೆಯುತ್ತದೆ. ನಿಮ್ಮ ತರಗತಿಯಲ್ಲಿ ಊರುಗೋಲು ಹಿಡಿದ ಗೆಳೆಯನೋ ಗೆಳತಿಯೋ ಇದ್ದರೆ, “ಎಂದು ಆಡಲು ಬರುತ್ತೀಯೆ?” ಎಂದು ಅವಸರಪಡಿಸಬೇಡಿರಿ, “ಇನ್ನು ನಿನ್ನಿಂದಾಗದು” ಎಂದು ಎದೆಗುಂದಿಸಲೂ ಬೇಡಿರಿ. ಅವರು ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನಿಂತು ಹತ್ತರವರೆಗೆ ಎಣಿಸಿರಿ.