ಕೌಶಲ ಪಠ್ಯದೊಳಗೇ ಇರಲಿ

ನಮ್ಮಲ್ಲಿ ಹೆಚ್ಚು ಓದಿದವರಿಗೇ ನಿರುದ್ಯೋಗ ಹೆಚ್ಚು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸಹಯೋಗದಲ್ಲಿ 2024ರಲ್ಲಿ ಬಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಪ್ರಮಾಣ ಶೇ 29.1, ಓದು ಬರಹ ಬಾರದವರಲ್ಲಿ ಅದು ಶೇ 3.4. ಬಡವರು ಸಿಕ್ಕಿದ ಕೂಲಿಗೆ ಹೋಗಲೇಬೇಕು, ಪದವೀಧರರು ಸ್ವಲ್ಪ ಕಾಲ ಕಾಯಬಲ್ಲರು ಎಂಬ ವಿವರಣೆ ಇದೆ. ಅದರಲ್ಲಿ ನಿಜವೂ ಇದೆ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ಕರ್ನಾಟಕ ಸರ್ಕಾರ 2024ರ ಜನವರಿಯಿಂದ ಯುವನಿಧಿ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದೆ, ಅದೂ ಗರಿಷ್ಠ ಎರಡು ವರ್ಷ. ಆ ನೆರವು ಬೇಕಾದದ್ದೇ. ಆದರೆ ಅದಕ್ಕೂ ಮೊದಲು ತರಗತಿಯಲ್ಲಿ ಕಳೆದ ಮೂರು ವರ್ಷ ಏನಾಯಿತು ಎಂದು ವಿಶ್ವವಿದ್ಯಾಲಯಗಳನ್ನು ಕೇಳಬೇಕಿದೆ.

ವಿಶ್ವವಿದ್ಯಾಲಯಗಳ ಸಿದ್ಧ ಉತ್ತರ, ಇನ್ನೊಂದು ಪತ್ರಿಕೆ ಸೇರಿಸುವುದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ರಾಜ್ಯದ ಪದವಿ ತರಗತಿಗಳಿಗೆ ‘ಡಿಜಿಟಲ್ ಫ್ಲೂಯೆನ್ಸಿ’ಯಂಥ ಕೌಶಲ ವರ್ಧನೆ ಪತ್ರಿಕೆಗಳು ಬಂದವು. 2024ರಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನೀತಿ ಬದಲಾಯಿತು, ಕಲಿಸುವ ರೀತಿ ಬದಲಾಗಲಿಲ್ಲ. ಕಂಪ್ಯೂಟರ್ ಮುಟ್ಟದೆಯೇ ಕಂಪ್ಯೂಟರ್ ಕುರಿತ ಟಿಪ್ಪಣಿ ಬಾಯಿಪಾಠ ಮಾಡಿ ತೇರ್ಗಡೆಯಾಗಲು ಸಾಧ್ಯವಿದ್ದರೆ, ಕೌಶಲವೂ ಇತರ ವಿಷಯಗಳಂತೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ.

ಕೌಶಲವನ್ನು ವಿಷಯದ ಒಳಗೇ ಹುಡುಕಬೇಕು. ಬಿ.ಎ. ಅರ್ಥಶಾಸ್ತ್ರದ ಸಾರ್ವಜನಿಕ ಹಣಕಾಸು ಪಾಠವನ್ನೇ ನೋಡಿ. ವಿದ್ಯಾರ್ಥಿಯೊಬ್ಬಳು ತನ್ನೂರಿನ ಗ್ರಾಮ ಪಂಚಾಯಿತಿಯ ಮೂರು ವರ್ಷಗಳ ಜಮಾ-ಖರ್ಚನ್ನು ಎಕ್ಸೆಲ್‌ಗೆ ಏರಿಸಿ, ನೀರಿನ ಕರ ವಸೂಲಿ ಏಕೆ ಕುಸಿಯಿತು ಎಂದು ಕಾರ್ಯದರ್ಶಿಯನ್ನು ಕೇಳಿ, ಎರಡು ಪುಟದ ವರದಿ ಬರೆದು, ತರಗತಿಯ ಮುಂದೆ ನಿಂತು ಸಮರ್ಥಿಸಿಕೊಂಡಳೆನ್ನಿ. ಅಂಕಿ ಅಂಶ ಜೋಡಿಸುವುದು, ಅಪರಿಚಿತರೊಡನೆ ಮಾತಾಡುವುದು, ಚಿಕ್ಕದಾಗಿ ಬರೆಯುವುದು, ಪ್ರಶ್ನೆಗೆ ಉತ್ತರಿಸುವುದು ಎಲ್ಲವೂ ಒಂದೇ ಕೆಲಸದಲ್ಲಿ ಬಂದವು. ಅರ್ಥಶಾಸ್ತ್ರವೂ ಇನ್ನಷ್ಟು ಚೆನ್ನಾಗಿಯೇ ಅರ್ಥವಾಯಿತು. ಕನ್ನಡ ಐಚ್ಛಿಕದವರು ಆಡಳಿತದ ಸುತ್ತೋಲೆಗಳನ್ನು ತಿಳಿಗನ್ನಡಕ್ಕೆ ತರಬಹುದು, ಇತಿಹಾಸದವರು ತಾಲ್ಲೂಕಿನ ಶಾಸನಗಳ ಪಟ್ಟಿ ಮಾಡಬಹುದು. ಇದಕ್ಕೆ ಹೊಸ ಪತ್ರಿಕೆ ಬೇಡ. ಆಂತರಿಕ ಮೌಲ್ಯಮಾಪನದ ಅಂಕಗಳು ಈಗಲೇ ಇವೆ. ಗೈಡ್ ನೋಡಿ ನಕಲು ಮಾಡಿದ ಅಸೈನ್‌ಮೆಂಟಿಗೆ ಅವು ಹೋಗುವುದನ್ನು ತಪ್ಪಿಸಬೇಕು.

ವಿಶ್ವವಿದ್ಯಾಲಯ ಕಂಪನಿಗಳಿಗೆ ಆಳು ತಯಾರಿಸುವ ಜಾಗವಲ್ಲ ಎಂಬ ಆಕ್ಷೇಪವನ್ನು ಗೌರವದಿಂದಲೇ ಕೇಳಬೇಕು. ಜ್ಞಾನಕ್ಕೆ ಮಾರುಕಟ್ಟೆಯ ಬೆಲೆ ಕಟ್ಟತೊಡಗಿದರೆ ಮೊದಲು ಬಾಗಿಲು ಮುಚ್ಚುವುದು ಭಾಷೆ, ಇತಿಹಾಸ, ತತ್ವಶಾಸ್ತ್ರ ವಿಭಾಗಗಳೇ. ಆದರೆ ಪುರಾವೆ ತೂಗಿ ನೋಡುವುದು, ತರ್ಕಬದ್ಧವಾಗಿ ಬರೆಯುವುದು ಈ ವಿಭಾಗಗಳ ತವರಿನ ವಿದ್ಯೆ. ಅದನ್ನು ನಿಜವಾಗಿ ಕಲಿಸಿದರೆ ಅವಕ್ಕೆ ಬಲವೇ ಬರುತ್ತದೆ. ಕೆಲಸಗಳೇ ಇಲ್ಲದಾಗ ಕೌಶಲದಿಂದೇನು ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ಪಠ್ಯಕ್ರಮ ಉದ್ಯೋಗ ಸೃಷ್ಟಿಸುವುದಿಲ್ಲ, ಆ ಹೊಣೆ ಸರ್ಕಾರದ್ದು ಮತ್ತು ಉದ್ಯಮದ್ದು. ಆದರೂ ಇರುವ ಅವಕಾಶಗಳು ನಗರದ ದುಬಾರಿ ಕಾಲೇಜುಗಳ ಮಕ್ಕಳಿಗಷ್ಟೇ ಸಿಗದಂತೆ ನೋಡಿಕೊಳ್ಳುವುದು ಸಾರ್ವಜನಿಕ ಕಾಲೇಜಿನ ಕರ್ತವ್ಯ. ಖಾಸಗಿ ತರಬೇತಿಗೆ ಹಣ ಕಟ್ಟಲಾಗದ ವಿದ್ಯಾರ್ಥಿಗೆ ಈ ಕೌಶಲಗಳನ್ನು ಕಲಿಯಲು ತರಗತಿ ಬಿಟ್ಟರೆ ಬೇರೆ ಜಾಗವಿಲ್ಲ.

ನಿಜವಾದ ತೊಡಕು ಬೇರೆಯೇ ಇದೆ. ಅರವತ್ತು ವರದಿಗಳನ್ನು ಓದಿ, ತಿದ್ದಿ, ಮತ್ತೆ ಬರೆಸಲು ಸಮಯವೂ ನೆಮ್ಮದಿಯೂ ಇರುವ ಅಧ್ಯಾಪಕರು ಬೇಕು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರ ಮೇಲೆ ವಿದ್ಯಾರ್ಥಿಗಳ ಉದ್ಯೋಗಾರ್ಹತೆಯ ಭಾರ ಹೊರಿಸುವುದು ಅನ್ಯಾಯ. ಅಧ್ಯಯನ ಮಂಡಳಿಗಳು ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಪ್ರತಿ ವಿಷಯಕ್ಕೂ ಇಂಥ ಒಂದು ಕ್ಷೇತ್ರಕಾರ್ಯವನ್ನು ಕಡ್ಡಾಯ ಮಾಡಲಿ. ಅದರ ಜತೆಗೇ ಖಾಲಿ ಬಿದ್ದಿರುವ ಹುದ್ದೆಗಳನ್ನು ಸರ್ಕಾರ ಕಾಯಂ ಆಗಿ ತುಂಬಲಿ.